ದಿನಚರಿ, ಇಷ್ಟಾನಿಷ್ಟ ಹೇಳಲು ಬೇಕಾದ ಇಂಗ್ಲಿಷ್: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬ್ರಿಟನ್ನಿಗೆ ಬಂದು ಮನೆ ಹಿಡಿದ ಕೂಡಲೇ ಜಿಪಿ ಸರ್ಜರಿಯಲ್ಲಿ, ಅಂದರೆ ನಿಮ್ಮ ಪ್ರದೇಶದ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ, ಹೆಸರು ನೋಂದಾಯಿಸಿಕೊಳ್ಳಿ. ಅಲ್ಲಿ ನಿಮ್ಮ ಅಭ್ಯಾಸಗಳನ್ನು ವಿಚಾರಿಸುತ್ತಾರೆ: 'ಡು ಯು ಸ್ಮೋಕ್?' 'ಡು ಯು ಡ್ರಿಂಕ್?' ಎರಡನೆಯದು ಮದ್ಯದ ಪ್ರಶ್ನೆ. ಇಲ್ಲವಾದರೆ 'ನೋ, ಐ ಡೋಂಟ್' ಅಂದರೆ ಸಾಕು. ಮಕ್ಕಳ ಶಾಲೆಯ ಗೇಟಿನ ಹತ್ತಿರ ಮಾತಿಗೆ ಸಿಕ್ಕವರು 'ವಾಟ್ ಡು ಯು ಡೂ?' ಅನ್ನುತ್ತಾರೆ. ಅವರು ಕೇಳುತ್ತಿರುವುದು ನಿಮ್ಮ ಉದ್ಯೋಗವನ್ನು. ಇವೆಲ್ಲವೂ ಪ್ರೆಸೆಂಟ್ ಸಿಂಪಲ್, ಅಂದರೆ ರೂಢಿಯಾಗಿ ನಡೆಯುವುದನ್ನು ಹೇಳುವ ಕ್ರಿಯಾರೂಪ. ಮೊದಲು ಇದನ್ನೇ ಗಟ್ಟಿ ಮಾಡಿಕೊಳ್ಳಿ.

ನಮ್ಮವರ ಬಾಯಲ್ಲಿ ಸಲೀಸಾಗಿ ಬರುವುದು 'ಐ ಆಮ್ ಡ್ರಿಂಕಿಂಗ್ ಕಾಫಿ ಡೈಲಿ'. ಬೆಂಗಳೂರಿನಲ್ಲಿ ನಡೆಯುತ್ತದೆ. ಇಲ್ಲಿಯವರ ಕಿವಿಗೆ ಮಾತ್ರ 'ಇಂಗ್' ಬಂತೆಂದರೆ ಈಗ ನಡೆಯುತ್ತಿರುವುದು, ಇಲ್ಲವೇ ಸದ್ಯದ ಮಟ್ಟಿಗಿನದು. ಊಟದ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು. 'ಐ ಆಮ್ ನಾಟ್ ಈಟಿಂಗ್ ಎಗ್ಸ್' ಅಂದರೆ ಈಚೆಗೆ ಬಿಟ್ಟಿದ್ದೀರಿ, ಮುಂದೆ ತಿನ್ನಬಹುದು ಅಂದುಕೊಂಡಾರು. 'ಐ ಡೋಂಟ್ ಈಟ್ ಮೀಟ್, ಫಿಶ್ ಆರ್ ಎಗ್ಸ್' ಎಂದು ಪೂರ್ತಿ ಹೇಳಿ. ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಇಲ್ಲಿ ಮೊಟ್ಟೆ ತಿನ್ನುವವರೂ ವೆಜಿಟೇರಿಯನ್ನರೇ. ಕೇಕು ತಂದುಕೊಡುವ ನೆರೆಯವರಿಗೆ ಇದು ಗೊತ್ತಿದ್ದರೆ ಇಬ್ಬರಿಗೂ ಒಳ್ಳೆಯದು.

ಇಷ್ಟವನ್ನು ಹೇಳುವಾಗಲೂ 'ಐ ಆಮ್ ಲೈಕಿಂಗ್' ಬೇಡ, 'ಐ ಲೈಕ್' ಸಾಕು. ವಾಂಟ್, ನೀಡ್, ನೋ (ತಿಳಿದಿರು ಎಂಬ ಅರ್ಥದ್ದು) ಎಂಬ ಕ್ರಿಯಾಪದಗಳಿಗೂ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. ಆದರೆ ಇಷ್ಟದ ಕೆಲಸಕ್ಕೆ ಹಚ್ಚಬಹುದು: 'ಐ ಲೈಕ್ ಕುಕಿಂಗ್.'

ಕನ್ನಡದಲ್ಲಿ ಕುಡಿಯುತ್ತೇನೆ, ಕುಡಿಯುತ್ತಾಳೆ, ಕುಡಿಯುತ್ತಾರೆ ಎಂದು ಆಳಿಗೆ ತಕ್ಕಂತೆ ರೂಪ ಬದಲಾಗುತ್ತದೆ. ಅದನ್ನು ನಿಭಾಯಿಸುವ ನಿಮಗೆ ಇಂಗ್ಲಿಷಿನ ಒಂದು 'ಸ್' ಕಷ್ಟವೇನಲ್ಲ. ಹಿ, ಶಿ, ಇಟ್ ಬಂದಾಗ ಮಾತ್ರ ಅದು ಬೇಕು: 'ಮೈ ಹಸ್ಬೆಂಡ್ ವರ್ಕ್ಸ್ ನೈಟ್ಸ್.' ಅತ್ತೆ, ಮಾವನವರ ಬಗ್ಗೆ ಹೇಳುವಾಗ ನಮಗೆ ಗೌರವದ ಬಹುವಚನ ರೂಢಿ. ಇಂಗ್ಲಿಷಿನಲ್ಲಿ ಅದಿಲ್ಲ, 'ಮೈ ಮದರ್-ಇನ್-ಲಾ ಲಿವ್ಸ್ ವಿತ್ ಅಸ್' ಅಂದರೆ ಅಗೌರವವೂ ಅಲ್ಲ. 'ಡಸಂಟ್' ಬಂದರೆ ಆ 'ಸ್' ಅದರೊಳಗೇ ಸೇರಿತು: 'ಶಿ ಡಸಂಟ್ ಈಟ್ ಆನಿಯನ್ಸ್.'

ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. 'ಯು ಡೋಂಟ್ ಡ್ರೈವ್?' ಅಂದಾಗ ಡ್ರೈವಿಂಗ್ ಬಾರದ ನಾವು 'ಹೌದು, ಓಡಿಸಲ್ಲ' ಎಂಬ ಅರ್ಥದಲ್ಲಿ 'ಯೆಸ್' ಅಂದುಬಿಡುತ್ತೇವೆ. ಹೇಳಬೇಕಾದ್ದು 'ನೋ, ಐ ಡೋಂಟ್.' ಜಿಪಿ ಕೇಳಿದಾಗ, ಕೆಲಸದ ಸಂದರ್ಶನದಲ್ಲಿ, ಈ ಒಂದು ಪದದಿಂದ ಉತ್ತರವೇ ತಿರುವುಮುರುವಾದೀತು.

ಕಲಿಯಲು ಕಾಲೇಜು, ಕೌನ್ಸಿಲ್‌ಗಳ (ಸ್ಥಳೀಯ ಆಡಳಿತಗಳ) ಈಸಾಲ್ ತರಗತಿಗಳಿವೆ, ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳು. ಹತ್ತಿರದ ಲೈಬ್ರರಿಯಲ್ಲಿ ವಿಚಾರಿಸಿ, ಮಾತಾಡುವ ಗುಂಪುಗಳಿದ್ದರೆ ತಿಳಿಸುತ್ತಾರೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಜಾಲತಾಣದಲ್ಲಿ ಉಚಿತ ಪಾಠಗಳಿವೆ. ತರಗತಿ ಸಿಗುವವರೆಗೆ ಮನೆಯವರ ದಿನಚರಿಯನ್ನೇ ಗಟ್ಟಿಯಾಗಿ ಹೇಳಿ ನೋಡಿ: ಯಾರು ಎಷ್ಟಕ್ಕೆ ಏಳುತ್ತಾರೆ, ಏನು ತಿನ್ನುತ್ತಾರೆ, ಯಾವುದನ್ನು ಮುಟ್ಟುವುದಿಲ್ಲ.