ಗಾಳದ ಮೀನನ್ನು ಒದ್ದಾಡಿಸದೆ ಕೊಲ್ಲುವ ಬಗೆ

ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ತದಡಿ, ಬೇಲೆಕೇರಿಯ ಬಂಡೆಗಳ ಮೇಲೆ ಗಾಳ ಹಾಕುವವರು ಮೀನು ಹಿಡಿಯುವವರೆಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಹಿಡಿದ ಮೇಲೆ ಕೇಳುವವರಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬಿಸಾಡಿದರೆ ಮುಗಿಯಿತು. ನೀರಿನಿಂದ ತೆಗೆದ ಮೀನು ಒಂದೆರಡು ನಿಮಿಷಕ್ಕೆ ಸಾಯುವುದಿಲ್ಲ. ಕಿವಿರು ಒಣಗುತ್ತಾ ಎಷ್ಟೋ ಹೊತ್ತು ಬದುಕಿರುತ್ತದೆ. ಜೀವಂತ ಮೀನನ್ನು ನೇರ ಐಸಿಗೆ ಹಾಕುವುದೂ ಒಳ್ಳೆಯದಲ್ಲ. ಚಳಿಗೆ ಅಲುಗಾಟ ಮೊದಲು ನಿಲ್ಲುತ್ತದೆ, ಪ್ರಾಣ ಹೋಗುವುದು ಆಮೇಲೆ.

ಹಾಗಾಗಿ ನನ್ನ ಚೀಲದಲ್ಲಿ ಮೂರು ಸಾಮಾನು ಯಾವತ್ತೂ ಇರುತ್ತವೆ: ಒಂದಡಿ ಉದ್ದದ, ಸುಮಾರು ಅರ್ಧ ಕಿಲೋ ತೂಗುವ ಗಟ್ಟಿ ಮರದ ದೊಣ್ಣೆ, ತುದಿ ಚೂಪು ಮಾಡಿದ ದಪ್ಪ ದಬ್ಬಳ, ಒಂದು ಹರಿತವಾದ ಚಾಕು. ದಬ್ಬಳಕ್ಕೆ ಮರದ ಹಿಡಿ ಕೂರಿಸಿಕೊಳ್ಳಬೇಕು. ಗೋಣಿ ಹೊಲಿಯುವ ಬರಿ ದಬ್ಬಳ ಒದ್ದೆ ಕೈಯಲ್ಲಿ ಜಾರಿ ಅಂಗೈಗೆ ಇಳಿಯುತ್ತದೆ. ಹಳೆಯ ಸ್ಕ್ರೂಡ್ರೈವರ್ ಮಸೆದುಕೊಂಡರೂ ನಡೆಯುತ್ತದೆ. ಒಂದು ಒದ್ದೆ ಗೋಣಿಚೀಲವೂ ಬೇಕು. ಮೀನನ್ನು ಅದರ ಮೇಲೆ ಮಲಗಿಸಿ, ಮಡಚಿ ಕಣ್ಣು ಮುಚ್ಚಿದರೆ ಒದ್ದಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮೊದಲು ದೊಣ್ಣೆ. ಏಟು ಬೀಳಬೇಕಾದ್ದು ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ. ಮೂತಿಗೆ ಹೊಡೆದರೆ ದವಡೆ ಮುರಿಯುತ್ತದೆ, ಮೀನು ಎಚ್ಚರವಾಗಿಯೇ ಇರುತ್ತದೆ. ಬೆನ್ನಿಗೆ ಹೊಡೆದರೆ ಮಾಂಸ ಜಜ್ಜಿ ರಕ್ತ ಕಟ್ಟುತ್ತದೆ. ಅಳುಕುತ್ತಾ ಕೊಟ್ಟ ನಾಲ್ಕು ಮೆತ್ತಗಿನ ಏಟಿಗಿಂತ ಸರಿಯಾದ ಒಂದೇ ಏಟು ಮೇಲು. ಕೈ ತಡೆದರೆ ಯಾತನೆ ಮೀನಿಗೆ. ಬಂಗುಡೆಯಂಥ ಸಣ್ಣ ಮೀನಿಗೆ ಇಷ್ಟೇ ಸಾಕು.

ಅರ್ಧ ಕಿಲೋ ದಾಟಿದ ಮೀನಿಗೆ ಏಟಿನ ಬೆನ್ನಿಗೇ ದಬ್ಬಳ. ಏಟಿಗೆ ಪ್ರಜ್ಞೆ ತಪ್ಪುತ್ತದೆ, ಅದು ಮರಳಿ ಬರಲೂಬಹುದು. ಮಿದುಳು ಹಾಳಾದರೆ ಮಾತ್ರ ಕೆಲಸ ಪೂರ್ತಿ. ತೊಡಕು ಇರುವುದೂ ಇಲ್ಲೇ, ಎರಡು ಕಿಲೋ ಮೀನಿನ ಮಿದುಳೂ ಹೆಚ್ಚೆಂದರೆ ಕಡಲೆಬೀಜದಷ್ಟು. ಎಲ್ಲಿ ಎಂದು ಪುಸ್ತಕದ ಚಿತ್ರ ನೋಡಿ ಕಲಿಯುವುದು ಕಷ್ಟ. ಪೇಟೆಯಲ್ಲಿ ಸಾರಿಗೆಂದು ತಂದ ಚೊಣಕದ (ಸೀಬಾಸ್) ತಲೆಯನ್ನು ಮೂತಿಯಿಂದ ಕುತ್ತಿಗೆವರೆಗೆ ನೇರ ಸೀಳಿ. ಎರಡು ಕಣ್ಣುಗಳ ಹಿಂದೆ, ತಲೆಬುರುಡೆಯ ಒಳಗೆ, ಬೆಳ್ಳಗಿನ ಸಣ್ಣ ಗಂಟು, ಅದರಿಂದ ಹಿಂದಕ್ಕೆ ಬೆನ್ನುಮೂಳೆಯ ಮೇಲೆ ಹೊರಟ ಬಿಳಿ ನೂಲು ಕಾಣುತ್ತದೆ. ಅದನ್ನು ನೋಡಿದ ಮೇಲೆ ಸೀಳಿದ ಅರ್ಧವನ್ನು ಮಗುಚಿ, ಆ ಗಂಟಿನ ನೇರಕ್ಕೆ ಹೊರಗೆ ಎಲ್ಲಿ ಬರುತ್ತದೆ ಎಂದು ಬೆರಳಿಟ್ಟು ಗುರುತು ಹಾಕಿಕೊಳ್ಳಿ. ಒಂದೊಂದು ಜಾತಿಗೂ ಒಂದೊಂದು ತಲೆ ಹೀಗೆ ಸೀಳಿದರೆ ಸಾಕು, ಸಾರಿಗೂ ನಷ್ಟವಿಲ್ಲ.

ಸಾಮಾನ್ಯವಾಗಿ ಚುಚ್ಚುವ ಜಾಗ ಕಣ್ಣಿನ ಹಿಂದೆ ಒಂದರಿಂದ ಎರಡು ಕಣ್ಣಿನಗಲ ಬಿಟ್ಟು, ಸ್ವಲ್ಪ ಮೇಲಕ್ಕೆ. ಚೊಣಕದ ತಲೆ ಮೂತಿಯ ಕಡೆ ಚಪ್ಪಟೆಯಾಗಿ ಇಳಿದಿರುವುದರಿಂದ ಹೊಸಬರು ಬಹಳ ಮುಂದೆ ಚುಚ್ಚಿಬಿಡುತ್ತಾರೆ. ಗೋಬ್ರಾದ (ಗ್ರೂಪರ್) ಬುರುಡೆ ದಪ್ಪ, ದಬ್ಬಳವನ್ನು ತಿರುಗಿಸುತ್ತಾ ಒತ್ತಬೇಕು. ಇಸೋಣದ್ದು (ಅಂಜಲ್) ಸುಲಭ. ಸಾಂಗಟದ (ಮೀಸೆ ಇರುವ ಕ್ಯಾಟ್‌ಫಿಶ್) ನೆತ್ತಿ ಮೂಳೆಯ ಹಲಗೆ ಇದ್ದಂತೆ, ಮೇಲಿನಿಂದ ದಬ್ಬಳ ಇಳಿಯುವುದಿಲ್ಲ. ಅದಕ್ಕೆ ಬಲವಾದ ಏಟು ಕೊಟ್ಟು, ಹಲಗೆ ಮುಗಿಯುವ ಹಿಂಬದಿಯ ಮೆತ್ತಗಿನ ಜಾಗದಿಂದ ಮುಂದಕ್ಕೆ ಓರೆಯಾಗಿ ಚುಚ್ಚುತ್ತೇನೆ. ಸಾಂಗಟದ ಎದೆ ರೆಕ್ಕೆ, ಬೆನ್ನ ರೆಕ್ಕೆಗಳ ಮುಳ್ಳಿನಲ್ಲಿ ವಿಷವಿದೆ. ಮುಳ್ಳು ತಾಗಿದರೆ, ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿ ನೀರಿನಲ್ಲಿ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ. ಚೊಣಕದ ಕಿವಿರ ಮುಚ್ಚಳದ ಅಂಚೂ ಬ್ಲೇಡಿನಂತೆ, ಅಲ್ಲಿ ಬೆರಳು ತೂರಿಸಿ ಎತ್ತಬೇಡಿ.

ದಬ್ಬಳ ಸರಿಯಾದ ಜಾಗಕ್ಕೆ ತಾಗಿದ ಕ್ಷಣ ಮೀನು ತಾನೇ ಹೇಳುತ್ತದೆ: ಬಾಯಿ ಅಗಲವಾಗುತ್ತದೆ, ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಮೈಯಲ್ಲಿ ಒಂದು ನಡುಕ ಹರಿದು ಸಡಿಲವಾಗುತ್ತದೆ. ಬಣ್ಣವೂ ಕೆಲವೊಮ್ಮೆ ಕಣ್ಣೆದುರೇ ಬದಲಾಗುತ್ತದೆ. ಏನೂ ಆಗದಿದ್ದರೆ ತಪ್ಪಿದೆ ಎಂದೇ ಅರ್ಥ. ದಬ್ಬಳವನ್ನು ಹೊರಗೆಳೆಯದೆ ತುದಿಯನ್ನು ಒಳಗೇ ಆಚೀಚೆ ಸ್ವಲ್ಪ ಆಡಿಸಿ ನೋಡಬೇಕು.

ಒದ್ದಾಟ ನಿಂತಿತೆಂದು ಅಲ್ಲಿಗೇ ಬಿಡುವಂತಿಲ್ಲ. ನಾನು ನಂಬುವುದು ಕಣ್ಣನ್ನು. ಮೀನನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೈಯ ಉದ್ದಕ್ಕೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಉರುಳಿಸಿ. ಎಚ್ಚರವಿರುವ ಮೀನಿನ ಕಣ್ಣುಗುಡ್ಡೆ ಮೈ ಉರುಳಿದಂತೆ ಎದುರು ದಿಕ್ಕಿಗೆ ತಿರುಗಿ ಮಟ್ಟ ಕಾಯ್ದುಕೊಳ್ಳಲು ನೋಡುತ್ತದೆ. ಮಿದುಳು ಹೋದ ಮೀನಿನ ಕಣ್ಣು ಅಂಟಿಸಿದ ಗುಂಡಿಯಂತೆ ತಲೆಯ ಜೊತೆಗೇ ತಿರುಗುತ್ತದೆ. ಕಿವಿರ ಮುಚ್ಚಳ ಲಯವಾಗಿ ತೆರೆದು ಮುಚ್ಚುತ್ತಿದ್ದರೂ ಮೀನು ಇನ್ನೂ ಇದೆ. ಎರಡರಲ್ಲಿ ಯಾವುದು ಕಂಡರೂ ಮತ್ತೆ ದೊಣ್ಣೆ. ಬಾಲದ ಬಳಿ ಮಾಂಸ ಅದುರುವುದು ಮಾತ್ರ ಬೇರೆ ಸಂಗತಿ. ಬೆನ್ನುಹುರಿಯಲ್ಲಿ ಉಳಿದ ಚುರುಕು ಅದು, ಅದಕ್ಕೆ ಹೆದರಬೇಕಾಗಿಲ್ಲ. ದೊಡ್ಡ ಮೀನಾದರೆ ದಬ್ಬಳದ ತೂತಿನಿಂದ ಸೈಕಲ್ ಚಕ್ರದ ಕಡ್ಡಿಯನ್ನು ಬೆನ್ನುಮೂಳೆಯ ಮೇಲಿನ ಕೊಳವೆಯೊಳಗೆ ತಳ್ಳಿ ಹಿಂದೆ ಮುಂದೆ ಮಾಡಿದರೆ ಅದೂ ನಿಲ್ಲುತ್ತದೆ. ಇದರಿಂದ ಲಾಭವಾಗುವುದು ಮಾಂಸಕ್ಕೆ. ಮೈ ಸೆಟೆದುಕೊಳ್ಳುವುದು ತಡವಾಗುತ್ತದೆ.

ಆಮೇಲೆ ರಕ್ತ. ಮಿದುಳು ಸತ್ತರೂ ಹೃದಯ ಕೆಲವು ನಿಮಿಷ ಬಡಿಯುತ್ತಿರುತ್ತದೆ, ಆ ಹೊತ್ತನ್ನು ಬಳಸಿಕೊಳ್ಳಬೇಕು. ಮುಚ್ಚಳ ಎತ್ತಿ ಕಿವಿರಿನ ಕಮಾನುಗಳನ್ನು ಕತ್ತರಿಸಿ, ತಲೆ ಕೆಳಗಾಗಿ ಬಕೆಟ್ಟಿನ ಸಮುದ್ರದ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಇಟ್ಟರೆ ಸಾಕು. ಎಚ್ಚರವಿರುವ ಮೀನಿನ ಕಿವಿರು ಕೊಯ್ಯುವುದು ಕ್ರೌರ್ಯ, ಕ್ರಮ ತಪ್ಪಬಾರದು.

ಥರ್ಮಾಕೋಲ್ ಡಬ್ಬಿಯಲ್ಲಿ ಪುಡಿ ಐಸ್ ಎರಡು ಪಾಲು, ಸಮುದ್ರದ ನೀರು ಒಂದು ಪಾಲು. ಬರಿ ಐಸಿನ ತುಂಡು ಮೀನಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಈ ಕೆಸರು ಎಲ್ಲ ಕಡೆ ಸುತ್ತಿಕೊಳ್ಳುತ್ತದೆ. ಬಂಗುಡೆ, ಇಸೋಣಗಳಿಗೆ ಇದರಲ್ಲಿ ಉದಾಸೀನ ಕೂಡದು. ಬಿಸಿಲಿಗೆ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಅದು ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಮೀನೂಟದ ನಂತರ ಮುಖ ಕೆಂಪೇರಿ ತಲೆ ಸಿಡಿಯುವವರಲ್ಲಿ ಹಲವರ ಕಾಯಿಲೆ ಇದೇ.

ಗಾಯಗೊಂಡ ಮೀನನ್ನು ನೀರಿಗೆ ಬಿಡುವ ಮಾತು. ಸಣ್ಣದಿದ್ದು ಗಾಳ ತುಟಿಗಷ್ಟೇ ಸಿಕ್ಕಿದ್ದರೆ ಒದ್ದೆ ಕೈಯಲ್ಲಿ ಹಿಡಿದು, ನೀರಿನಲ್ಲೇ ಬಿಡಿಸಿ ಬಿಡಬಹುದು. ಗಂಟಲಿಗೆ ನುಂಗಿದ್ದರೆ ಎಳೆದು ಕೀಳಬಾರದು, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಬೇಕು. ಕಿವಿರಿನಿಂದ ಕೆಂಪು ರಕ್ತ ಸುರಿಯುತ್ತಿದ್ದರೆ ಮಾತ್ರ ಬಿಡಬೇಡಿ. ಅದು ಬದುಕುವುದು ಅನುಮಾನ. ಕಣ್ಣಿಗೆ ಕಾಣದ ಕಡೆ ಸಾಯಲಿ ಎಂದು ನೀರಿಗೆ ಎಸೆಯುವುದನ್ನು ಪುಣ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ದೊಣ್ಣೆ ಎತ್ತಿ, ಮನೆಗೆ ತನ್ನಿ.

ಅಘನಾಶಿನಿ ನದಿಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಸಿಗುವ ದೊಡ್ಡ ಏಡಿಯದು ಬೇರೆ ಲೆಕ್ಕ. ಅದಕ್ಕೆ ಒಂದೇ ಮಿದುಳಿಲ್ಲ, ನರದ ಗಂಟುಗಳು ಎರಡು. ಅದೇ ಐಸ್ ಕೆಸರಿನಲ್ಲಿ ಕನಿಷ್ಠ 20 ನಿಮಿಷ ಇಟ್ಟು, ಕಣ್ಣಿನ ಕಡ್ಡಿ ಮುಟ್ಟಿದರೂ ಒಳಗೆಳೆದುಕೊಳ್ಳದಷ್ಟು ಜೋಮು ಹಿಡಿದ ಮೇಲೆ ಬೆನ್ನಡಿಯಾಗಿ ಮಲಗಿಸಿ. ಹೊಟ್ಟೆಯ ಮಡಿಕೆ ಎತ್ತಿದರೆ ಅದರಡಿ ಒಂದು ಕುಳಿ, ಅಲ್ಲಿ ಹೆಚ್ಚು ಕಡಿಮೆ ನೆಟ್ಟಗೆ ಒಂದು ಚುಚ್ಚು. ಮುಂದೆ ಬಾಯಿಯ ಮೇಲ್ಗಡೆ, ಕಣ್ಣುಗಳ ನಡುವಿನ ತಗ್ಗಿನಲ್ಲಿ ಹಿಂದಕ್ಕೆ ಓರೆಯಾಗಿ ಇನ್ನೊಂದು. ಹತ್ತು ಸೆಕೆಂಡಿನೊಳಗೆ ಎರಡೂ ಆಗಬೇಕು. ಮಡಿಕೆಯಡಿ ಮೊಟ್ಟೆ ಕಂಡರೆ ಅದು ಹೆಣ್ಣು, ಐಸಿಗಿಡುವ ಮೊದಲೇ ನೋಡಿಕೊಂಡು ನೀರಿಗೆ ಬಿಟ್ಟುಬಿಡಿ.