ಮಣ್ಣಿಗೆ ಹೋಗಕ್ಕಾಗ್ದೆ ಇದ್ದಾಗ ಏನ್ ಮಾಡೋದು

2021ರ ಮೇನಲ್ಲಿ ನಮ್ ದೊಡ್ಡಪ್ಪ ಕೋವಿಡ್‌ನಲ್ಲಿ ಹೋದ್ರು, ಮಣ್ಣಿಗೆ 5 ಜನಕ್ಕಿಂತ ಜಾಸ್ತಿ ಬರಂಗಿಲ್ಲ ಅಂತಿತ್ತು, ಆ ಐದರಲ್ಲಿ ನಾನಿರ್ಲಿಲ್ಲ. ಅವಾಗ ನಾವು ಎಡವಿದ್ದು ನೆನಪಿಟ್ಕೊಂಡು ಬರೀತಿದೀನಿ, ಅಂಥಾ ಕಾಲ ಮತ್ತೆ ಬಂದ್ರೆ ಯಾರಿಗಾದ್ರೂ ಬೇಕಾಗ್ಬೋದು.

ಮೊದ್ಲು ಮುಖ ನೋಡೋ ವಿಷ್ಯ. ಆಸ್ಪತ್ರೆಯೋರು ತೋರ್ಸಲ್ಲ ಅಂದ್ರು, ನಾವು ಬಾಯ್ಮುಚ್ಕೊಂಡು ವಾಪಸ್ ಬಂದ್ವಿ. ಆಮೇಲೆ ಓದಿದ್ರೆ ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್ ಗೈಡ್‌ಲೈನ್ಸಲ್ಲೇ ಇತ್ತು: ಸಿಬ್ಬಂದಿ ಬ್ಯಾಗಿನ ಜಿಪ್ ತೆಗೆದು ಮುಖ ತೋರಿಸ್ಬೋದು, ಮುಟ್ಟದೇ ಮಂತ್ರ ಹೇಳ್ಬೋದು, ತೀರ್ಥ ಚಿಮುಕಿಸ್ಬೋದು. ಸ್ನಾನ ಮಾಡ್ಸೋದು, ತಬ್ಕೊಳ್ಳೋದು ಇವೆಲ್ಲ ಬೇಡ ಅಂದಿದ್ರು ಅಷ್ಟೇ. ಹಾಗಾಗಿ ಆಗಿನ ರೂಲ್ಸ್ ಏನಿದೆಯೋ ಪ್ರಿಂಟ್ ತಗೊಂಡ್ ಹೋಗಿ, ಜಗಳ ಬೇಡ, ಆದ್ರೆ ಕೇಳ್ದೆ ಬರ್ಬೇಡಿ. ದೊಡ್ಡಮ್ಮ ಇವತ್ತಿಗೂ "ಆ ಚೀಲದಲ್ಲಿದ್ದಿದ್ದು ಅವ್ರೇನಾ" ಅಂತಾರೆ, ಅದಕ್ಕೆ ನಮ್ಮತ್ರ ಉತ್ತರ ಇಲ್ಲ.

ಅಸ್ಥಿ ಬಿಟ್ಬರ್ಬೇಡಿ. ಬೂದಿಯಿಂದ ಸೋಂಕಿನ ಭಯ ಇಲ್ಲ ಅಂತಾನೂ ಆ ಗೈಡ್‌ಲೈನ್ಸಲ್ಲೇ ಬರ್ದಿತ್ತು, ಆದ್ರೂ 2021ರ ಜೂನಲ್ಲಿ ಬೆಂಗಳೂರಲ್ಲಿ ಯಾರೂ ತಗೊಳ್ದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥೀನ ಆಗಿನ ಕಂದಾಯ ಸಚಿವ ಆರ್. ಅಶೋಕ್ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ರ ಕಾವೇರಿಗೆ ಬಿಡ್ಬೇಕಾಯ್ತು.

ವಿಡಿಯೋ ಕಾಲ್ ಮಾಡೋದಾದ್ರೆ ಫೋನ್ ಹಿಡ್ಕೊಳ್ಳೋಕೇ ಒಬ್ರಿರ್ಲಿ, ಮಿಕ್ಕೋರೆಲ್ಲ ಮ್ಯೂಟ್. ನಮ್ಮಲ್ಲಿ ಬೆಂಕಿ ಇಡೋ ಹೊತ್ಗೆ ಯಾರ್ದೋ ಮನೆ ಕುಕ್ಕರ್ ವಿಸಿಲ್ ಹೊಡೀತು.

ಮಾತಾಡ್ಸಕ್ಕೆ ಹೋಗಕ್ಕಾಗಲ್ಲ ಅಂತ ವಾಟ್ಸಾಪಲ್ಲಿ ಕೈಮುಗಿಯೋ ಇಮೋಜಿ ಹಾಕಿ ಕೈತೊಳ್ಕೋಬೇಡಿ, ಫೋನ್ ಮಾಡಿ. ಅದೂ ಎಲ್ರೂ ಮೊದಲ್ನೇ ದಿನಾನೇ ಮಾಡಿ ತಿಥಿ ಆದ್ಮೇಲೆ ಒಬ್ರೂ ಇಲ್ಲ ಅನ್ನೋ ಹಾಗಾಗ್ಬಾರ್ದು, ಅಣ್ತಮ್ಮಂದಿರು ವಾರ ಹಂಚ್ಕೊಳ್ಳಿ. ಸಾವಿನ ಮನೇಲಿ ಒಲೆ ಹಚ್ಚಲ್ಲ, ಊಟದ ಕ್ಯಾರಿಯರ್ ಗೇಟಲ್ಲಿಟ್ಟು ದೂರ ನಿಂತು, ಅವ್ರು ಬಂದ್ ಎತ್ಕೊಳ್ಳೋವರ್ಗೂ ಕಾಯಿರಿ, ಒಂದ್ ಮುಖ ಕಂಡಂಗಾಗುತ್ತೆ.

ಕಾಗ್ದದ ಕೆಲಸ ದುಃಖದಲ್ಲಿರೋರ ತಲೆಗೆ ಕಟ್ಬೇಡಿ. ಮರಣ ನೋಂದಣಿಗೆ 21 ದಿನ ಟೈಮು, ಯಾರಾದ್ರೂ ಅಳಿಯನೋ ಮಗನೋ ಓಡಾಡ್ಲಿ.

ಅವಾಗ ಅಳಕ್ಕಾಗ್ದೆ ಇದ್ದಿದ್ದಕ್ಕೆ ಲೇಟಾಯ್ತು ಅಂತೇನಿಲ್ಲ. ನಾವು ಮುಂದಿನ ವರ್ಷ ಪಿತೃಪಕ್ಷದಲ್ಲಿ ಎಲ್ರೂ ಸೇರಿ ಎಡೆ ಇಟ್ವಿ, ಹೊಸ ಪಂಚೆ, ಕಜ್ಜಾಯ, ಜೊತೆಗೆ ದೊಡ್ಡಪ್ಪನ ಬೀಡಿ ಕಟ್ಟು. ಬೀಡಿ ಇಡೋದು ಬೇಡ ಅಂತ ದೊಡ್ಡಮ್ಮ ಬೈದ್ರು, ಆಮೇಲೆ ಬೆಂಕಿಪೊಟ್ಣ ತಂದಿಟ್ಟಿದ್ದೂ ಅವ್ರೇ.