ಕುಲಾಂತರಿ ಸೂಕ್ಷ್ಮಾಣುಜೀವಿ: ಹೊಲಕ್ಕೆ ಬಿಡುವ ಮುನ್ನ ವಿಚಾರಿಸುವುದು ಹೇಗೆ?

ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನೂ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನೂ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸೊರಗು ರೋಗಕ್ಕೆ ಹಾಕುವುದು ಕೋಲಾರದ ಟೊಮೆಟೊ ಬೆಳೆಗಾರರಿಗೆ ಹೊಸದಲ್ಲ. ಇವು ಸಾಮಾನ್ಯವಾಗಿ ಮಣ್ಣಿನಿಂದಲೇ ಬೇರ್ಪಡಿಸಿ ಬೆಳೆಸಿದ ತಳಿಗಳಾಗಿರುತ್ತವೆ. ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ತಿದ್ದಿದ ಕುಲಾಂತರಿ ಸೂಕ್ಷ್ಮಾಣುಜೀವಿಯ ವಿಚಾರ ಬೇರೆ.

ಮೊದಲು ಲೇಬಲ್ ಓದಿ. ಜೀವಿಯ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಜೈವಿಕ ಕೀಟನಾಶಕ ಅಥವಾ ಶಿಲೀಂಧ್ರನಾಶಕವಾದರೆ 1968ರ ಕೀಟನಾಶಕ ಕಾಯ್ದೆಯಡಿಯ ನೋಂದಣಿ ಸಂಖ್ಯೆಯೂ ಬೇಕು. ‘ವಿಶೇಷ ಬ್ಯಾಕ್ಟೀರಿಯಾ’ ಎಂದಷ್ಟೇ ಬರೆದಿದ್ದರೆ ಕೊಳ್ಳಬೇಡಿ.

ವಂಶವಾಹಿ ಬದಲಿಸಿದ ತಳಿಯೆಂದು ಮಾರಾಟಗಾರರು ಹೇಳಿದರೆ ಅನುಮತಿ ಪತ್ರ ಕೇಳಿ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ರೂಪಿಸಿದ 1989ರ ನಿಯಮಗಳ ಪ್ರಕಾರ, ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಜೀವಿಯನ್ನು ಪರಿಸರಕ್ಕೆ ಬಿಡುವಂತಿಲ್ಲ.

ಅನುಮತಿ ಇದ್ದರೂ ಮೂರು ಪ್ರಶ್ನೆ ಕೇಳಲೇಬೇಕು: ಅದು ಮಣ್ಣಿನಲ್ಲಿ ಎಷ್ಟು ಕಾಲ ಬದುಕುತ್ತದೆ, ಎಲ್ಲಿಗೆ ಹರಡುತ್ತದೆ, ತನ್ನ ವಂಶವಾಹಿಯನ್ನು ಯಾರಿಗೆ ದಾಟಿಸುತ್ತದೆ? ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ಗುಣಗಳನ್ನು ದಾಟಿಸಬಲ್ಲವು. ವಂಶವಾಹಿ ಬದಲಾದ ಜೀವಿಯನ್ನು ಪ್ರಯೋಗಾಲಯದಲ್ಲಿ ಗುರುತಿಸಲೆಂದು ಸೇರಿಸಿದ ಆ್ಯಂಟಿಬಯೋಟಿಕ್ ನಿರೋಧಕ ಗುಣ ಹೀಗೆ ರೋಗಾಣುಗಳಿಗೆ ತಲುಪಿದರೆ ಚಿಕಿತ್ಸೆಯೇ ಕಷ್ಟವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದು ಕೆರೆ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಸೇರುವುದರಿಂದ, ಒಬ್ಬರ ಹೊಲದಲ್ಲಿ ಬಿಟ್ಟದ್ದು ಆ ಹೊಲದಲ್ಲೇ ಉಳಿಯುತ್ತದೆಂದು ನಂಬುವ ಹಾಗಿಲ್ಲ. ರಾಸಾಯನಿಕ ಕಾಲಕ್ರಮೇಣ ಕರಗಿ ಕಡಿಮೆಯಾಗಬಹುದು, ಜೀವಿ ಮಾತ್ರ ಅನುಕೂಲ ಸಿಕ್ಕರೆ ಹೆಚ್ಚುತ್ತದೆ. ತಾನಾಗಿಯೇ ಸಾಯುವಂತೆ ಮಾಡಿದ ತಳಿಯಲ್ಲೂ ಆ ವ್ಯವಸ್ಥೆ ರೂಪಾಂತರದಿಂದ ಕೆಟ್ಟುಹೋಗಬಹುದು.

1982ರಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಇನ್ಸುಲಿನ್ ಕೂಡ ಕುಲಾಂತರಿ ಬ್ಯಾಕ್ಟೀರಿಯಾದಿಂದಲೇ ತಯಾರಾದದ್ದು ಎಂದು ಕೆಲವರು ವಾದಿಸುತ್ತಾರೆ. ಅದು ನಿಜ, ಅದರಿಂದ ಅಸಂಖ್ಯ ಜನರಿಗೆ ಉಪಕಾರವೂ ಆಗಿದೆ; ಆದರೆ ಆ ಬ್ಯಾಕ್ಟೀರಿಯಾ ಬೆಳೆಯುವುದು ಕಾರ್ಖಾನೆಯ ಮುಚ್ಚಿದ ತೊಟ್ಟಿಯಲ್ಲಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ಹಿಮದ ಹಾನಿ ತಡೆಯುವ ಬ್ಯಾಕ್ಟೀರಿಯಾವನ್ನು ಸಿಂಪಡಿಸಿದಾಗ, ಅದಕ್ಕೆ ಹೊಸ ವಂಶವಾಹಿ ಸೇರಿಸದೆ ಇದ್ದದ್ದೊಂದನ್ನು ತೆಗೆದಿದ್ದರೂ, ಸಿಂಪಡಿಸುವವರು ಮೈತುಂಬ ರಕ್ಷಣಾ ಉಡುಪು ಧರಿಸಿದ್ದರು. ಅಷ್ಟು ಎಚ್ಚರ ನಮ್ಮಲ್ಲೂ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅನುಮಾನ ಬಂದ ದ್ರಾವಣವನ್ನು ಹನಿ ನೀರಾವರಿಯ ಟ್ಯಾಂಕಿಗೆ ಹಾಕಬೇಡಿ, ಕ್ಯಾನನ್ನು ಕೃಷಿ ಹೊಂಡದಲ್ಲಿ ತೊಳೆಯಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. 1989ರ ನಿಯಮಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೂ ಅವಕಾಶವಿರುವುದರಿಂದ ಅಲ್ಲಿಗೂ ಲಿಖಿತ ದೂರು ಕೊಡಬಹುದು. ಬಿಲ್ಲನ್ನೂ ಖಾಲಿ ಪೊಟ್ಟಣವನ್ನೂ ಎಸೆಯದೆ, ಉಳಿದ ದ್ರಾವಣದ ಮುಚ್ಚಳ ಬಿಗಿದು, ಅಧಿಕಾರಿಗಳು ಬರುವವರೆಗೆ ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ.